ಲೊಕೇಶನ್: ಮಂಡಿಕಲ್

ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆದ ದಿನವೇ ನಾನೊಂದು ಸುಳ್ಳು ಹೇಳಿದೆ. ‘ಊರು ಯಾವುದು?’ ಎಂದು ಕೇಳುವ ಖಾಲಿ ಜಾಗದಲ್ಲಿ ‘ಬೆಂಗಳೂರು’ ಎಂದು ತುಂಬಿದೆ. ಬೆಂಗಳೂರಿಗೆ ಅದುವರೆಗೆ ನಾನು ಹೋಗಿದ್ದು ಐದಾರು ಸಲ. ಅದೂ ಮದುವೆಗೋ ಆಸ್ಪತ್ರೆಗೋ. ಚಿಕ್ಕಬಳ್ಳಾಪುರದಿಂದ ಬಸ್ಸು ಹತ್ತಿ, ಹೆದ್ದಾರಿಯ ಪೇರೇಸಂದ್ರದಲ್ಲಿ ಇಳಿದು, ಇನ್ನೊಂದು ಬಸ್ಸೋ ಶೇರ್ ಆಟೊವೋ ಸಿಗುವವರೆಗೆ ಕಾಯಬೇಕಾದ ಹುಡುಗಿ ನಾನು. ಮಂಡಿಕಲ್ ಎಂದು ಬರೆದರೆ ಯಾವ ಕಂಪನಿಯವರು ತಿರುಗಿ ನೋಡುತ್ತಾರೆ ಅನ್ನಿಸಿತ್ತು.

ಅದು 2022. ಬಿ.ಕಾಂ. ಮುಗಿದಿತ್ತು. ಡಿಗ್ರಿಯ ಅರ್ಧ ಭಾಗ ಕೊರೊನಾದಲ್ಲಿ, ಮೊಬೈಲ್ ಪರದೆಯ ಮೇಲೆ ಕಳೆದಿತ್ತು. ಸಿಗ್ನಲ್‌ಗಾಗಿ ಹುಳುಮನೆಯ ತಾರಸಿ ಹತ್ತಿ ಪಾಠ ಕೇಳಿದವಳು ನಾನು. ಹುಳುಮನೆ ಎಂದರೆ ರೇಷ್ಮೆಹುಳು ಸಾಕುವ ಮನೆ. ನಮ್ಮದು ಒಂದೂವರೆ ಎಕರೆ ಹಿಪ್ಪುನೇರಳೆ ತೋಟ. ಮನೆಯಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಕಲಿತದ್ದು ಕನ್ನಡ, ಸಂದರ್ಶನದಲ್ಲಿ ತಡವರಿಸುವುದು ಇಂಗ್ಲಿಷ್. ನಮ್ಮ ಗಡಿ ತಾಲ್ಲೂಕುಗಳ ಹುಡುಗ ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಲ್ಲರೂ ‘ನೆಟ್‌ವರ್ಕಿಂಗ್ ಮಾಡು’ ಎಂದರು. ಅದರರ್ಥ ಸಿಕ್ಕಸಿಕ್ಕವರಿಗೆ ಕೈ ಚಾಚುವುದು ಎಂದೇ ನಾನು ತಿಳಿದೆ. ದಿನವೂ ಹಲವರಿಗೆ ಒಂದೇ ಸಂದೇಶ ಕಾಪಿ ಮಾಡಿ ಹಾಕುತ್ತಿದ್ದೆ: ‘ಸರ್, ಬಿ.ಕಾಂ. ಮುಗಿಸಿದ್ದೇನೆ, ದಯವಿಟ್ಟು ಒಂದು ಕೆಲಸ ಕೊಡಿಸಿ.’ ಮೂರು ತಿಂಗಳಲ್ಲಿ ನಾನೂರಕ್ಕೂ ಹೆಚ್ಚು ಸಂದೇಶ ಕಳಿಸಿರಬಹುದು. ಉತ್ತರ ಬಂದದ್ದು ಏಳಕ್ಕೆ. ಏಳರಲ್ಲಿ ನಾಲ್ಕು ‘ಆಲ್ ದ ಬೆಸ್ಟ್’.

ಹದಿನೆಂಟು ಸಾವಿರದ ಪಾಠ

ಯಾರೂ ಉತ್ತರಿಸದಿದ್ದಾಗ ತಾನಾಗಿಯೇ ಬಂದು ಮಾತಾಡಿಸುವವರು ದೇವರಂತೆ ಕಾಣುತ್ತಾರೆ. 2023ರ ಆರಂಭದಲ್ಲಿ ವಾಟ್ಸ್‌ಆ್ಯಪ್‌ಗೊಂದು ಸಂದೇಶ ಬಂತು. ಮನೆಯಲ್ಲೇ ಕುಳಿತು ಹೋಟೆಲ್‌ಗಳಿಗೆ ಸ್ಟಾರ್ ಕೊಡುವ ಕೆಲಸ, ಒಂದಕ್ಕೆ ಐವತ್ತು ರೂಪಾಯಿ. ಮೂರು ಹೋಟೆಲ್‌ಗೆ ಸ್ಟಾರ್ ಒತ್ತಿದೆ, ನೂರೈವತ್ತು ರೂಪಾಯಿ ನಿಜಕ್ಕೂ ಖಾತೆಗೆ ಬಂತು. ಆಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸಿದರು. ಅಲ್ಲಿ ಎಲ್ಲರೂ ‘ನನಗೆ ಇಷ್ಟು ಬಂತು, ಅಷ್ಟು ಬಂತು’ ಎಂದು ಸ್ಕ್ರೀನ್‌ಶಾಟ್ ಹಾಕುತ್ತಿದ್ದರು. ಒಂದು ಸಾವಿರ ಕಟ್ಟಿದರೆ ಸಾವಿರದ ಮುನ್ನೂರು ವಾಪಸ್ ಬಂತು. ಐದು ಸಾವಿರ ಕಟ್ಟಿದೆ. ‘ಟಾಸ್ಕ್ ಪೂರ್ತಿಯಾಗಿಲ್ಲ, ಇನ್ನು ಹದಿಮೂರು ಸಾವಿರ ಹಾಕಿದರೆ ಎಲ್ಲ ಒಟ್ಟಿಗೆ ಬರುತ್ತದೆ’ ಎಂದರು. ಅದನ್ನೂ ಹಾಕಿದೆ. ಆಮೇಲೆ ಗುಂಪೂ ಇಲ್ಲ, ನಂಬರೂ ಇಲ್ಲ.

ಆ ದುಡ್ಡು ನನ್ನದಲ್ಲ. ಚಂದ್ರಿಕೆ ಕೊಳ್ಳಲೆಂದು ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಎತ್ತಿದ ಸಾಲ. ಫೋನ್‌ಪೇ ನನ್ನ ಮೊಬೈಲ್‌ನಲ್ಲಿದ್ದ ಕಾರಣ ನನ್ನ ಖಾತೆಯಲ್ಲಿಟ್ಟಿದ್ದರು. ಎರಡು ದಿನ ಯಾರಿಗೂ ಹೇಳಲಿಲ್ಲ. ಹುಳು ನಾಲ್ಕನೇ ಜ್ವರದಲ್ಲಿತ್ತು. ಅಮ್ಮ ಹೊತ್ತು ಹೊತ್ತಿಗೆ ಹುಳುಮನೆಗೆ ಹೋಗಿ ಬರುತ್ತಿದ್ದರು. ಅವರ ಮುಖ ನೋಡಲಾಗದೆ ನಾನು ಸೊಪ್ಪು ಕೊಯ್ಯುವ ನೆಪದಲ್ಲಿ ತೋಟದಲ್ಲೇ ಇದ್ದೆ. ಮೂರನೇ ದಿನ ಹೇಳಿ 1930ಕ್ಕೆ ಕರೆ ಮಾಡುವಷ್ಟರಲ್ಲಿ ದುಡ್ಡು ಎಷ್ಟೋ ಖಾತೆಗಳನ್ನು ದಾಟಿಹೋಗಿತ್ತು. ಒಂದು ರೂಪಾಯಿಯೂ ಮರಳಲಿಲ್ಲ.

1930 ಎನ್ನುವುದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ದುಡ್ಡು ಹೋದ ಕೂಡಲೇ ಕರೆ ಮಾಡಿದರೆ ಅದು ತಲುಪಿದ ಖಾತೆಯಲ್ಲೇ ತಡೆಹಿಡಿಯುವ ಅವಕಾಶ ಇರುತ್ತದೆ. ಪ್ರತಿ ಗಂಟೆ ಕಳೆದಂತೆ ಆ ಅವಕಾಶ ಕರಗುತ್ತದೆ. ನಾನು ಕಳೆದುಕೊಂಡದ್ದು ಹದಿನೆಂಟು ಸಾವಿರ ಮಾತ್ರವಲ್ಲ, ನಾಚಿಕೆಯಲ್ಲಿ ಎರಡು ದಿನವನ್ನೂ ಕಳೆದುಕೊಂಡೆ. ಕೆಲಸ ಕೊಡುವವರು ನಿಮಗೆ ಸಂಬಳ ಕೊಡಬೇಕೇ ವಿನಾ ನಿಮ್ಮಿಂದ ದುಡ್ಡು ಕೇಳಬಾರದು. ಠೇವಣಿ, ಟ್ರೈನಿಂಗ್ ಫೀಸು, ಲ್ಯಾಪ್‌ಟಾಪ್ ಅಡ್ವಾನ್ಸು, ಯಾವ ಹೆಸರಿನಲ್ಲಿ ಕೇಳಿದರೂ ಅಷ್ಟೆ. ಇದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಎಂದು ಇವತ್ತಿಗೂ ಅಂದುಕೊಳ್ಳುತ್ತೇನೆ.

ಅಪ್ಪ ಬೈಯಲಿಲ್ಲ. ‘ಬಾ, ಈ ಸಲ ಶಿಡ್ಲಘಟ್ಟಕ್ಕೆ ಹೋಗೋಣ’ ಎಂದಷ್ಟೇ ಅಂದರು.

ಗೂಡಿನ ಮಾರುಕಟ್ಟೆಯಲ್ಲಿ ಕಂಡದ್ದು

ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲಿ ಒಂದು. ಗೂಡು ಸುರಿದು, ಲಾಟ್ ನಂಬರ್ ಪಡೆದು ರೈತರು ಕಾಯುತ್ತಾರೆ. ರೀಲರ್‌ಗಳು ಗೂಡನ್ನು ಕೈಯಲ್ಲಿ ಹಿಸುಕಿ, ಕಿವಿಯ ಹತ್ತಿರ ಅಲುಗಾಡಿಸಿ ನೋಡಿ ಹೋಗುತ್ತಾರೆ. ಹರಾಜು ಈಗ ಮೊಬೈಲ್‌ನಲ್ಲೇ ನಡೆಯುತ್ತದೆ. ಬಂದ ಬೆಲೆ ಒಪ್ಪದಿದ್ದರೆ ಬೇಡ ಎನ್ನುವ ಹಕ್ಕು ರೈತನಿಗಿದೆ.

ಅಲ್ಲಿ ಅಪ್ಪನನ್ನು ನೋಡುತ್ತ ನಿಂತೆ. ಗೂಡು ಸುರಿದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಒಬ್ಬ ರೀಲರ್‌ಗೆ ‘ಮಗಳ ಮದುವೆ ಚೆನ್ನಾಗಾಯ್ತಾ ಸಾಬ್?’ ಎಂದರು. ಚಿಂತಾಮಣಿ ಕಡೆಯ ರೈತರೊಬ್ಬರಿಗೆ ಊಜಿ ನೊಣದ ಕಾಟಕ್ಕೆ ತಾವೇನು ಮಾಡಿದೆವೆಂದು ವಿವರಿಸಿದರು. ಹಿಂದೂಪುರದ ಮಾರುಕಟ್ಟೆಯಲ್ಲಿ ನಿನ್ನೆ ಏನು ಬೆಲೆ ಬಿತ್ತೆಂದು ಇನ್ನೊಬ್ಬರು ಇವರಿಗೆ ಹೇಳಿದರು. ಯಾರೂ ಯಾರಿಗೂ ನೆಂಟರಲ್ಲ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಕಾಣುವ ಮುಖಗಳು.

ಮಧ್ಯಾಹ್ನ ಹೋಟೆಲ್‌ನಲ್ಲಿ ಮುದ್ದೆ ಊಟ ಮಾಡುವಾಗ, ನನ್ನ ನಾನೂರು ಸಂದೇಶದ ಕಥೆ ಹೇಳಿದೆ. ಅಪ್ಪ ನಕ್ಕರು. ‘ಗೂಡು ತಗೊಂಡು ಹೋದ ದಿನ ಮಾತ್ರ ನಮಸ್ಕಾರ ಹಾಕಿದ್ರೆ ಯಾರಮ್ಮ ತಿರುಗಿ ನೋಡ್ತಾರೆ? ಗೂಡಿಲ್ಲದ ದಿನಾನೂ ಮಾತಾಡ್ಸಬೇಕು. ನಮ್ಮ ಹತ್ರ ಏನು ಗೊತ್ತಿದ್ಯೋ ಅದನ್ನ ಮೊದಲು ಕೊಡಬೇಕು.’

ಇದೇ ಮಾತನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬೇರೊಂದು ಬಗೆಯಲ್ಲಿ ಹೇಳಿದ್ದಾರೆಂದು ಆಮೇಲೆ ಓದಿದೆ. ಪರಿಚಯದ ಮೂಲಕ ಕೆಲಸ ಸಿಕ್ಕವರನ್ನು ಅವರು ಮಾತಾಡಿಸಿದ್ದರು. ಕೆಲಸದ ಸುದ್ದಿ ಕೊಟ್ಟವರನ್ನು ಪದೇ ಪದೇ ಭೇಟಿಯಾಗುತ್ತಿದ್ದವರು ಅವರಲ್ಲಿ ಶೇ 17ರಷ್ಟು ಮಾತ್ರ. ಉಳಿದವರಿಗೆ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಕಾಣುವವರಿಂದ ಅಥವಾ ಅಪರೂಪಕ್ಕೆ ಸಿಗುವವರಿಂದ. 1973ರಲ್ಲಿ ಪ್ರಕಟವಾದ ಈ ಲೇಖನ ಇಂದಿಗೂ ಪ್ರಸಿದ್ಧ. ಕಾರಣ ಸರಳ: ನಮ್ಮ ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ 5 ವರ್ಷಗಳ ಮಾಹಿತಿ ಇಟ್ಟುಕೊಂಡು ಹೆಚ್ಚುಕಡಿಮೆ ಇದನ್ನೇ ಹೇಳಿತು. ತೀರಾ ಆಪ್ತರೂ ಅಲ್ಲದ, ತೀರಾ ಅಪರಿಚಿತರೂ ಅಲ್ಲದ ನಡುವಿನ ಪರಿಚಯಗಳೇ ಕೆಲಸ ಬದಲಿಸುವವರಿಗೆ ಹೆಚ್ಚು ನೆರವಾಗುತ್ತವೆ ಎಂದು.

ಅಪ್ಪ ಅದನ್ನು ಓದಿಲ್ಲ. ಅವರ ಜೇಬಿನ ಸಣ್ಣ ಪುಸ್ತಕದಲ್ಲಿ ಇನ್ನೂರು ಫೋನ್ ನಂಬರ್ ಇವೆ. ಪ್ರತಿ ಹೆಸರಿನ ಮುಂದೆ ಊರು, ಅದರ ಮುಂದೆ ಒಂದು ಗುರುತು.

ಬೇಡುವುದನ್ನು ಬಿಟ್ಟೆ

ಮನೆಗೆ ಬಂದವಳೇ ಪ್ರೊಫೈಲ್ ಬದಲಿಸಿದೆ. ಲೊಕೇಶನ್: ಮಂಡಿಕಲ್, ಚಿಕ್ಕಬಳ್ಳಾಪುರ ಜಿಲ್ಲೆ. ‘ಉದ್ಯೋಗಾಕಾಂಕ್ಷಿ’ ಎಂದಿದ್ದ ಸಾಲಿನಲ್ಲಿ ‘ರೇಷ್ಮೆ ರೈತರ ಮನೆಯ ಲೆಕ್ಕ ಬರೆಯುತ್ತೇನೆ, ಟ್ಯಾಲಿ, ಎಕ್ಸೆಲ್ ಬರುತ್ತದೆ, ಕನ್ನಡ, ತೆಲುಗು ಮಾತಾಡುತ್ತೇನೆ’ ಎಂದು ಬರೆದೆ. ಯಾವುದೂ ಸುಳ್ಳಲ್ಲ.

ಆಮೇಲೆ ವಾರಕ್ಕೊಂದು ಬರಹ ಹಾಕತೊಡಗಿದೆ. ಮೊದಲನೆಯದು ನಮ್ಮದೇ ಒಂದು ಬೆಳೆಯ ಖರ್ಚಿನ ಪಟ್ಟಿ. ನೂರು ಮೊಟ್ಟೆ ಸಾಕಲು ಚಾಕಿಗೆಷ್ಟು, ಸೊಪ್ಪಿಗೆಷ್ಟು, ಸುಣ್ಣ, ಬ್ಲೀಚಿಂಗ್ ಪೌಡರ್, ಕೂಲಿ, ಆಟೊ ಬಾಡಿಗೆ. ಅದರಲ್ಲಿ ಅಮ್ಮನ ಕೂಲಿಯನ್ನೂ ಸೇರಿಸಿ ಲೆಕ್ಕ ಹಾಕಿದಾಗ ಲಾಭ ಅರ್ಧಕ್ಕೆ ಇಳಿದಿತ್ತು. ‘ಅಮ್ಮನ ಕೆಲಸಕ್ಕೆ ಬೆಲೆ ಕಟ್ಟದಿದ್ದರೆ ಮಾತ್ರ ಈ ಕಸುಬು ಲಾಭದ್ದು’ ಎಂದು ಕೊನೆಗೆ ಬರೆದೆ. ಕನ್ನಡದಲ್ಲೊಮ್ಮೆ, ನನಗೆ ಬರುವ ಇಂಗ್ಲಿಷಿನಲ್ಲೊಮ್ಮೆ. ಹಿಂದೆ ಹಾಕಿದ್ದ ಸಂದೇಶಗಳಿಗೆಲ್ಲ ಸೇರಿ ಬಂದದ್ದಕ್ಕಿಂತ ಹೆಚ್ಚು ಉತ್ತರ ಆ ಒಂದು ಪಟ್ಟಿಗೆ ಬಂತು. ಕೃಷಿ ವಿದ್ಯಾರ್ಥಿಗಳು, ಬ್ಯಾಂಕಿನವರು, ರಾಮನಗರದ ಕಡೆಯ ಒಬ್ಬ ರೈತರ ಮಗ, ಎಲ್ಲರೂ ಪ್ರಶ್ನೆ ಕೇಳಿದರು. ಗೊತ್ತಿದ್ದಕ್ಕೆ ಉತ್ತರ ಕೊಟ್ಟೆ, ಗೊತ್ತಿಲ್ಲದ್ದನ್ನು ಅಪ್ಪನನ್ನು ಕೇಳಿ ಹೇಳಿದೆ.

ಆರು ತಿಂಗಳ ಬಳಿಕ ಕಾಲೇಜಿನ ಸೀನಿಯರ್ ಅಕ್ಕ ಒಬ್ಬರಿಂದ ಸಂದೇಶ ಬಂತು. ಕಾಲೇಜು ದಿನಾಚರಣೆಯಲ್ಲಿ ಒಮ್ಮೆ ಮಾತಾಡಿದ್ದು ಬಿಟ್ಟರೆ ಅವರ ಗುರುತೇ ನನಗೆ ಸರಿಯಾಗಿ ಇರಲಿಲ್ಲ. ‘ನಮ್ಮ ಪರಿಚಯದ ರೈತ ಉತ್ಪಾದಕ ಕಂಪನಿಯಲ್ಲಿ ಲೆಕ್ಕ ಬರೆಯುವವರು ಬೇಕಂತೆ. ರೈತರ ಜತೆ ತೆಲುಗಲ್ಲೂ ಮಾತಾಡೋರು ಬೇಕು ಅಂದ್ರು. ನಿನ್ನ ಪಟ್ಟಿ ತೋರಿಸಿದೆ.’ ಸಂದರ್ಶನದಲ್ಲಿ ಇಂಗ್ಲಿಷ್ ಕೇಳಲೇ ಇಲ್ಲ, ಆ ಪಟ್ಟಿಯ ಬಗ್ಗೆಯೇ ಅರ್ಧ ಗಂಟೆ ಕೇಳಿದರು. ಸಂಬಳ ಹದಿನಾರು ಸಾವಿರ. ಬೆಂಗಳೂರಿಗೆ ಹೋದ ಗೆಳತಿಯರು ಇಪ್ಪತ್ತೆರಡು, ಇಪ್ಪತ್ತೈದು ಪಡೆಯುತ್ತಿದ್ದರು. ಆದರೆ ಅವರ ಪಿ.ಜಿ. ಬಾಡಿಗೆ ನನಗಿರಲಿಲ್ಲ. ಮೊದಲ ಎರಡು ತಿಂಗಳ ಸಂಬಳದಲ್ಲಿ ಅಮ್ಮನ ಸಂಘದ ಸಾಲ ತೀರಿಸಿದೆ.

ಅಮ್ಮನ ಹಾರ

ವ್ಯಾಪಾರದ ಕಥೆ ಶುರುವಾದದ್ದು ಇಲ್ಲಿಂದ. ಬಿತ್ತನೆ ಗೂಡಿನಿಂದ ಚಿಟ್ಟೆ ಹೊರಬಂದ ಮೇಲೆ ತೂತು ಗೂಡು ಉಳಿಯುತ್ತದೆ. ಅದರಿಂದ ಒಂದೇ ಎಳೆಯಾಗಿ ನೂಲು ಬಿಚ್ಚಲು ಬಾರದ ಕಾರಣ ಅದಕ್ಕೆ ಬೆಲೆ ಕಡಿಮೆ. ಅಂಥ ಗೂಡನ್ನು ಕತ್ತರಿಸಿ, ಎಸಳು ಮಾಡಿ, ಪೋಣಿಸಿ ಹಾರ ಕಟ್ಟುವುದನ್ನು ಅಮ್ಮ ಒಂದು ತರಬೇತಿಯಲ್ಲಿ ಕಲಿತಿದ್ದರು. ಸನ್ಮಾನಕ್ಕೆ ಹಾಕುವ ಹೂವಿನ ಹಾರ ಸಂಜೆಗೆ ಬಾಡುತ್ತದೆ; ಗೂಡಿನ ಹಾರ ವರ್ಷಗಟ್ಟಲೆ ಗೋಡೆಯ ಮೇಲೆ ಇರುತ್ತದೆ. ಆದರೆ ಅಮ್ಮ ಕಟ್ಟಿದ್ದೆಲ್ಲ ನೆಂಟರಿಗೆ ಉಡುಗೊರೆಯಾಗಿ ಹೋಗುತ್ತಿತ್ತು.

2024ರಲ್ಲಿ ಇನ್‌ಸ್ಟಾಗ್ರಾಂನಲ್ಲಿ ಪುಟ ತೆರೆದೆ. ‘ಹೆಣ್ಮಕ್ಕಳ ಫೋಟೊ ಹಾಕ್ತಾರಂತೆ’ ಎಂಬ ಮಾತು ಓಣಿಯಲ್ಲಿ ಬಂತು. ಹಾಗಾಗಿ ಮುಖ ತೋರಿಸದೆ ಅಮ್ಮನ ಕೈಗಳನ್ನಷ್ಟೇ ವಿಡಿಯೊ ಮಾಡಿದೆ. ಸೊಪ್ಪಿನ ಕಲೆ ಹತ್ತಿದ ಬೆರಳುಗಳು, ಕತ್ತರಿ, ಗೂಡು, ದಾರ. ಹಿನ್ನೆಲೆಯಲ್ಲಿ ಹಾಡಿಲ್ಲ, ಹುಳು ಸೊಪ್ಪು ತಿನ್ನುವ ಸದ್ದು ಮಾತ್ರ. ಮಳೆ ಬಿದ್ದಂತೆ ಕೇಳುವ ಆ ಸದ್ದು ನಮಗೆ ದಿನದ ಪಾಡು, ನೋಡಿದವರಿಗೆ ಹೊಸತು. ಅದೇ ಹೆಚ್ಚು ಓಡಿತು.

ಮೊದಲ ಆರ್ಡರ್ ಗೌರಿಬಿದನೂರಿನ ಶಿಕ್ಷಕರೊಬ್ಬರ ನಿವೃತ್ತಿ ಸಮಾರಂಭಕ್ಕೆ. ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಂಡು ಫೋಟೊ, ಅಳತೆ, ಬೆಲೆಯ ಕ್ಯಾಟಲಾಗ್ ಮಾಡಿದ ಮೇಲೆ ‘ರೇಟ್ ಎಷ್ಟು?’ ಎಂಬ ನೂರು ಪ್ರಶ್ನೆಗಳಿಗೆ ಒಂದೇ ಲಿಂಕ್ ಸಾಕಾಯಿತು. ಈ ಆ್ಯಪ್ 2018ರಿಂದಲೂ ಇದೆ, ಸಣ್ಣ ವ್ಯಾಪಾರಿಗಳಿಗೆ ಉಚಿತ. ಉದ್ಯಮ್ ನೋಂದಣಿಯೂ ಉಚಿತ, ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಅದಕ್ಕೂ ದುಡ್ಡು ಕೇಳುವ ನಕಲಿ ವೆಬ್‌ಸೈಟ್‌ಗಳಿವೆ, ಎಚ್ಚರ.

ಆ ವರ್ಷದ ರಾಜ್ಯೋತ್ಸವಕ್ಕೆ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಿಂದ ನಲವತ್ತು ಹಾರದ ಆರ್ಡರ್ ಬಂತು. ಕೆಂಪು, ಹಳದಿ ಬಣ್ಣ ಬೇಕೆಂದರು. ನಾವು ಹಿಂದೆ ಮುಂದೆ ನೋಡದೆ ಅಂಗಡಿಯ ಬಣ್ಣ ತಂದು ಅದ್ದಿದೆವು. ಮೋಡ ಕವಿದ ವಾತಾವರಣದಲ್ಲಿ ಗೂಡು ಸರಿಯಾಗಿ ಒಣಗಲಿಲ್ಲ. ಸಮಾರಂಭದಲ್ಲಿ ಹಿರಿಯರೊಬ್ಬರ ಬಿಳಿ ಜುಬ್ಬಾದ ಮೇಲೆ ಹಾರದ ಕೆಂಪು ಇಳಿಯಿತು. ಫೋಟೊ ನನ್ನ ವಾಟ್ಸ್‌ಆ್ಯಪ್‌ಗೆ ಬಂದಾಗ ಕೈ ನಡುಗಿತು. ನಂಬರ್ ಬ್ಲಾಕ್ ಮಾಡಿ ಸುಮ್ಮನಿದ್ದುಬಿಡೋಣ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ. ಆದರೆ ಟೆಲಿಗ್ರಾಂನ ಆ ಗುಂಪಿನವರು ನನಗೆ ಮಾಡಿದ್ದು ಅದನ್ನೇ ಅಲ್ಲವೆ?

ಕರೆ ಮಾಡಿ ಕ್ಷಮೆ ಕೇಳಿದೆ. ನಲವತ್ತೂ ಹಾರದ ದುಡ್ಡು ವಾಪಸ್ ಹಾಕಿದೆ. ಆ ತಿಂಗಳು ನಮ್ಮ ಕೈಯಿಂದಲೇ ಐದು ಸಾವಿರ ಹೋಯಿತು. ಆಮೇಲೆ ಪುಟದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದು, ‘ಇನ್ನು ಮುಂದೆ ನಾವು ಬಣ್ಣ ಹಾಕುವುದಿಲ್ಲ’ ಎಂದೆ. ಬಣ್ಣ ಬೇಕಾಗಿಯೂ ಇರಲಿಲ್ಲ. ನಮ್ಮ ಕಡೆಯ ಮಿಶ್ರತಳಿ ಗೂಡು ಹುಟ್ಟಾ ಹೊಂಬಣ್ಣ, ದ್ವಿತಳಿ ಗೂಡು ಹಾಲು ಬಿಳುಪು. ಈ ಎರಡರಲ್ಲೇ ಅಮ್ಮ ಈಗ ಹಾರ ಕಟ್ಟುತ್ತಾರೆ. ಜುಬ್ಬಾ ಕೆಟ್ಟ ಆ ಅಪಾರ್ಟ್‌ಮೆಂಟ್‌ನವರೇ ಮರುವರ್ಷ ಇಪ್ಪತ್ತು ಹಾರ ತರಿಸಿಕೊಂಡರು. ಅವರ ಪರಿಚಯದ ಇನ್ನೊಂದು ಕನ್ನಡ ಸಂಘಕ್ಕೂ ನಮ್ಮ ನಂಬರ್ ಕೊಟ್ಟರು.

ಕಲಿತದ್ದು ಇಷ್ಟು

ಪುಟಕ್ಕೆ ಈಗ ಆರು ಸಾವಿರದಷ್ಟು ಫಾಲೋವರ್ಸ್ ಇದ್ದಾರೆ. ಅದರಲ್ಲಿ ಕೊಂಡವರು ನೂರೈವತ್ತಕ್ಕಿಂತ ಕಡಿಮೆ. ಆ ನೂರೈವತ್ತು ಜನರ ಹೆಸರು, ನಂಬರ್, ಏನು ಕೊಂಡರು, ಯಾವ ಸಮಾರಂಭಕ್ಕೆ ಎಂಬುದನ್ನು ಅಪ್ಪನ ಹಾಗೆ ನಾನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಲಕ್ಷಗಟ್ಟಲೆ ಫಾಲೋವರ್ಸ್ ಇದ್ದವರೂ ಒಂದೇ ರಾತ್ರಿಯಲ್ಲಿ ಮತ್ತೆ ಸೊನ್ನೆಯಿಂದ ಶುರುಮಾಡಬೇಕಾಯಿತು. ಆ್ಯಪ್ ಇನ್ನೊಬ್ಬರ ಜಾಗ. ಅಲ್ಲಿ ಅಂಗಡಿ ಇಡಬಹುದು, ಆದರೆ ಗಿರಾಕಿಯ ಗುರುತು ನಮ್ಮ ಬಳಿಯೂ ಇರಬೇಕು.

ಹೆಣ್ಣುಮಕ್ಕಳಿಗೆ ಒಂದು ಮಾತು. ವ್ಯಾಪಾರಕ್ಕೆ ಬೇರೆ ಸಿಮ್ ಇಟ್ಟುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ‘ಹಾಯ್ ಡಿಯರ್, ಹಾರ ಎಷ್ಟು?’ ಎನ್ನುವವರು ಹಾರ ಕೊಳ್ಳಲು ಬಂದವರಲ್ಲ. ರಾತ್ರಿ ಎಂಟರ ನಂತರ ಉತ್ತರಿಸುವುದಿಲ್ಲ ಎಂದು ಪುಟದಲ್ಲೇ ಬರೆದಿದ್ದೇನೆ. ಅದರಿಂದ ಒಂದು ಆರ್ಡರೂ ತಪ್ಪಿಲ್ಲ.

ಕೆಲಸ ಹುಡುಕುವವರಿಗೆ ಇನ್ನೊಂದು. ಮೊದಲ ಸಂದೇಶದಲ್ಲೇ ಕೆಲಸ ಕೇಳಬೇಡಿ. ಅವರು ಮಾಡುವ ಕೆಲಸದ ಬಗ್ಗೆ ನಿಜವಾಗಿ ತಿಳಿಯಬೇಕೆನಿಸಿದ ಒಂದು ಪ್ರಶ್ನೆ ಕೇಳಿ. ನಿಮ್ಮ ಊರು, ಮನೆ, ಕಸುಬಿನಲ್ಲಿ ನಿಮಗೆ ಮಾತ್ರ ಗೊತ್ತಿರುವುದು ಏನಾದರೂ ಇದ್ದೇ ಇರುತ್ತದೆ. ಚಿಂತಾಮಣಿಯವರಿಗೆ ಟೊಮೆಟೊ ಗೊತ್ತು, ಗೌರಿಬಿದನೂರಿನವರಿಗೆ ಮಗ್ಗ ಗೊತ್ತು, ಚಿಕ್ಕಬಳ್ಳಾಪುರದವರಿಗೆ ಹೂವು, ದ್ರಾಕ್ಷಿ ಗೊತ್ತು. ಅದನ್ನು ಬರೆಯಿರಿ. ಇಂಗ್ಲಿಷ್ ಸರಿಯಿಲ್ಲ ಎಂದು ಕಾಯಬೇಡಿ.

ಇದೆಲ್ಲ ಮಾಡಿದರೆ ಬದುಕು ಬದಲಾಗಿಬಿಡುತ್ತದೆ ಎಂದು ನಾನು ಹೇಳಲಾರೆ. ಮದುವೆ, ಸಮಾರಂಭದ ತಿಂಗಳಲ್ಲಿ ಹಾರದಿಂದ ಹತ್ತು ಹನ್ನೆರಡು ಸಾವಿರ ಉಳಿಯುತ್ತದೆ, ಆಷಾಢದಲ್ಲಿ ಏನೂ ಇಲ್ಲ. ಗೂಡಿನ ಬೆಲೆ ಬಿದ್ದರೆ ಯಾವ ರೀಲ್ಸೂ ಅದನ್ನು ಎತ್ತಲಾರದು. ಆದರೆ ಅಮ್ಮನ ಹೆಸರಿನಲ್ಲಿ ಈಗ ಬ್ಯಾಂಕ್ ಖಾತೆಯೊಂದು ಓಡುತ್ತಿದೆ. ಖರ್ಚಿನ ಪಟ್ಟಿಯಲ್ಲಿ ಬೆಲೆಯೇ ಇಲ್ಲದಿದ್ದ ಕೆಲಸಕ್ಕೆ ಅಲ್ಲಿ ದುಡ್ಡು ಬೀಳುತ್ತದೆ. ಫೋನ್ ‘ಟಿಣ್’ ಎಂದಾಗಲೆಲ್ಲ ಅಮ್ಮ ಕನ್ನಡಕ ಹುಡುಕುತ್ತಾರೆ.

ಕಳೆದ ವಾರ ಲಿಂಕ್ಡ್‌ಇನ್‌ನಲ್ಲಿ ಪಕ್ಕದೂರಿನ ಹುಡುಗಿಯೊಬ್ಬಳ ಸಂದೇಶ ಬಂತು. ‘ಅಕ್ಕ, ನಾನೂ ಬೆಂಗಳೂರು ಅಂತಾನೇ ಹಾಕಿದೀನಿ. ನಿಮ್ದು ನೋಡಿ ಬೇಜಾರಾಯ್ತು. ಬದಲಾಯಿಸ್ಲಾ?’ ಅವಳು ಕೆಲಸ ಕೊಡಿಸಿ ಎಂದು ಕೇಳಿರಲಿಲ್ಲ. ನಿಮ್ಮ ಮನೆಯಲ್ಲಿ ಏನು ಬೆಳೆಯುತ್ತೀರಿ ಎಂದು ಕೇಳಿದೆ. ಸೇವಂತಿಗೆ, ಅರ್ಧ ಎಕರೆ ಎಂದಳು. ಹಾಗಾದರೆ ದಸರಾದಿಂದ ದೀಪಾವಳಿವರೆಗೆ ಮಾರು ಸೇವಂತಿಗೆ ಯಾವ ದಿನ ಎಷ್ಟು ಬೆಲೆ ಬಿತ್ತು ಎಂದು ಬರೆದು ಹಾಕು, ಮೊದಲ ಲೈಕ್ ನನ್ನದು ಎಂದೆ.